ಹಳೇ ಸ್ಟುಡಿಯೋ ಕಪಾಟಿನ ಲೆನ್ಸು ಇವತ್ತಿನ ಕ್ಯಾಮೆರಾಕ್ಕ: ಹುಡುಕೂದ್ರಿಂದ ಹಿಡಿದು ಫೋಟೋ ಹೊಡಿಯೂತನಕ

ಬಾಗಲಕೋಟಿ ನವನಗರದಾಗ ಒಬ್ಬ ಸ್ಟುಡಿಯೋ ಕಾಕಾ ಅದಾರ. ಆಲಮಟ್ಟಿ ಹಿನ್ನೀರು ಬಂದಾಗ ಹಳೇ ಊರಿನ ಅಂಗಡಿ ಖಾಲಿ ಮಾಡ್ಕೊಂಡು ಬಂದವ್ರು, ಆವಾಗ ಕಟ್ಟಿದ ಒಂದು ಟ್ರಂಕು ಹಂಗ ಅಟ್ಟದ ಮ್ಯಾಲ ಕುಂತಿತ್ತು. "ಕಾಕಾ, ರೀಲ್ ಕ್ಯಾಮೆರಾದ ಹಳೇ ಲೆನ್ಸ್ ಏನರ ಉಳದಾವೇನ್ರಿ" ಅಂತ ನಾ ಕೇಳಿದ ಮ್ಯಾಲ ಕೆಳಗ ಇಳಿಸಿದ್ರು. ಒಳಗ ಒಂದು ಝೆನಿಟ್ ಕ್ಯಾಮೆರಾ, ಅದರ ಮೂತಿಗೆ ಹೀಲಿಯೋಸ್ 44-2 ಲೆನ್ಸ್. ಒಂದು ಯಾಶಿಕಾ ಕ್ಯಾಮೆರಾ, ಅದರ 50 ಎಂಎಂ ಲೆನ್ಸ್ ಸಮೇತ. ಮತ್ತ ಬಟರ್ ಪೇಪರ್‌ನ್ಯಾಗ ಸುತ್ತಿದ್ದ ಒಂದು ಸಣ್ಣ ಎನ್‌ಲಾರ್ಜರ್ ಲೆನ್ಸ್. ಮೂರನ್ನೂ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ, ಎರಡು ಚಲೋ ಇದ್ವು, ಯಾಶಿಕಾದ್ದು ಚರ್ಮದ ಚೀಲದಾಗ ಇತ್ತು ನೋಡ್ರಿ, ಚೀಲಕ್ಕೂ ಬೂಷ್ಟು, ಗಾಜಿಗೂ ಬೂಷ್ಟು, ಒಳಗ ಪೂರಾ ಜೇಡರಬಲಿ ಹಂಗ ಎಳಿ ಎಳಿ.

ಬಾಗಲಕೋಟಿ, ವಿಜಯಪುರ, ಬೆಳಗಾವಿ, ನಮ್ಮ ಈ ಮೂರೂ ಜಿಲ್ಲಾದಾಗ ಇಂಥ ಟ್ರಂಕು, ಇಂಥ ಕಪಾಟು ಭಾಳ ಅದಾವ. ವರ್ಷಾ ವರ್ಷಾ ಮಳಿಗಾಲಕ್ಕ ಅದರಾಗಿನ ಗಾಜು ಹಾಳಾಗಾಕತ್ತೈತಿ. ಅದಕ್ಕ ಇಷ್ಟು ಉದ್ದ ಬರಿಯಾಕತ್ತೀನಿ, ಹೊಸಾ ಕ್ಯಾಮೆರಾ ಇದ್ದವ್ರು ಯಾರರ ಒಬ್ರು ಹೋಗಿ ಕೇಳಿ ಒಂದು ಲೆನ್ಸ್ ಉಳಿಸಿದ್ರೂ ನನಗ ಸಂತೋಷ.

ಲೆನ್ಸ್ ಹುಡುಕೂಕ್ಕಿಂತ ಮೊದಲ ನಿಮ್ಮ ಕ್ಯಾಮೆರಾ ಯಾವದು ನೋಡ್ಕೋರಿ

ಇದೊಂದು ಲೆಕ್ಕ ತಿಳದ್ರ ಮುಂದಿನ ಅರ್ಧ ಗೊಂದಲ ಹೋಗ್ತೈತಿ. ಪ್ರತಿ ಕ್ಯಾಮೆರಾದಾಗ ಲೆನ್ಸ್ ಕೂಡೂ ಬಳಿಯಿಂದ (ಅದಕ್ಕ ಮೌಂಟ್ ಅಂತಾರ) ಚಿತ್ರ ಹಿಡಿಯೂ ಸೆನ್ಸಾರ್ ಇಲ್ಲಾ ರೀಲ್ ತನಕ ಒಂದು ಪಕ್ಕಾ ದೂರ ಇರ್ತೈತಿ, ಅದಕ್ಕ ಫ್ಲಾಂಜ್ ಡಿಸ್ಟನ್ಸ್ ಅಂತಾರ. ಎಂ42 ಅನ್ನೂ ತಿರುಪಿನ ಮೌಂಟ್‌ಗೆ ಅದು 45.46 ಮಿಲಿಮೀಟರ್. ಸೋನಿ ಇ ಮೌಂಟ್‌ಗೆ 18. ಅಂದ್ರ ನಡುವಿನ 27.46 ಮಿಲಿಮೀಟರ್ ತುಂಬಿಸೂ ಒಂದು ಖಾಲಿ ಬಳಿ ಸಾಕು, ಅದ ಅಡಾಪ್ಟರ್. ಒಳಗ ಗಾಜು ಇಲ್ಲ, ವೈರ್ ಇಲ್ಲ, ಬರೇ ಲೋಹದ ಬಳಿ. ಫ್ಯೂಜಿ ಎಕ್ಸ್ 17.7, ನಿಕಾನ್ ಝಡ್ 16, ಕ್ಯಾನನ್ ಆರ್‌ಎಫ್ 20, ಮೈಕ್ರೋ ಫೋರ್ ಥರ್ಡ್ಸ್ 19.25, ಹಿಂಗ ಕನ್ನಡಿ ಇಲ್ಲದ ಮಿರರ್‌ಲೆಸ್ ಎಲ್ಲಾದಕ್ಕೂ ಈ ದೂರ ಕಡಿಮಿ, ಹಂಗಾಗಿ ಹಳೇ ಎಸ್‌ಎಲ್‌ಆರ್ (ಕನ್ನಡಿ ಇರೂ ರೀಲ್ ಕ್ಯಾಮೆರಾ) ಲೆನ್ಸ್ ಯಾವದಾದ್ರೂ ಕೂಡ್ತೈತಿ.

ತ್ರಾಸ ಬರೂದು ಡಿಎಸ್‌ಎಲ್‌ಆರ್, ಅಂದ್ರ ಒಳಗ ಕನ್ನಡಿ ಇರೂ ಡಿಜಿಟಲ್ ಕ್ಯಾಮೆರಾ ಇದ್ದವ್ರಿಗೆ. ಕ್ಯಾನನ್ ಇಎಫ್‌ನ ದೂರ 44, ಹಂಗಾಗಿ ಎಂ42ಕ್ಕ 1.46 ಮಿಲಿಮೀಟರಿನ ತೆಳ್ಳನ ಬಳಿ ಹಾಕಿದ್ರ ಆತು, ನಿಕಾನ್‌ದ ಹಳೇ ಲೆನ್ಸ್ (46.5) ಸುದ್ದಾ ಕ್ಯಾನನ್ ಮ್ಯಾಲ ಕೂಡ್ತಾವ. ಆದ್ರ ನಿಕಾನ್ ಡಿಎಸ್‌ಎಲ್‌ಆರ್‌ಗೆ ಎಂ42 ಹಾಕ್ತೀನಿ ಅಂದ್ರ ಬಾಡಿ ದೂರನ 46.5, ಅಡಾಪ್ಟರ್ ಹಾಕೂಕ್ಕಿಂತ ಮೊದಲ ಒಂದು ಮಿಲಿಮೀಟರ್ ಹೆಚ್ಚಾಗಿ ಬಿಟ್ಟೈತಿ, ಸನೇದ್ದು ಫೋಕಸ್ ಆಗ್ತೈತಿ, ದೂರದ್ದು ಆಗಂಗಿಲ್ಲ. ನಡುವ ಒಂದು ಸಣ್ಣ ಗಾಜು ಇರೂ ಅಡಾಪ್ಟರ್ ಸಿಗ್ತಾವ, ಆದ್ರ ಆ ಕಡಿಮಿ ದರ್ಜೆ ಗಾಜು ಚಲೋ ಲೆನ್ಸಿನ ಮುಖಕ್ಕ ಮಸಿ ಬಳದಂಗ, ನಾನಂತೂ ಬ್ಯಾಡ ಅಂತೀನಿ. ನಿಕಾನ್ ಇದ್ದವ್ರು ನಿಕಾನ್‌ದ ಹಳೇ ಲೆನ್ಸನ್ನ ಹುಡುಕ್ರಿ, ಅಡಾಪ್ಟರ್ ಬೇಕಾಗೇ ಇಲ್ಲ. ಒಂದು ಜ್ವಾಕಿ ಮಾತ್ರ: 1977ರಾಗ ಎಐ ಅನ್ನೂ ಪದ್ಧತಿ ಬಂತು, ಅದಕ್ಕಿಂತ ಹಿಂದಿನ ನಾನ್ ಎಐ ಲೆನ್ಸನ್ನ ಭಾಳಷ್ಟು ಡಿಎಸ್‌ಎಲ್‌ಆರ್ ಬಾಡಿಗೆ ಒತ್ತಿ ತಿರುವಿದ್ರ ಬಾಡಿ ಅಂಚಿನ ಸಣ್ಣ ಹಲ್ಲು ಮುರಿಯೂ ಸಂಭವ ಐತಿ. ಗೊತ್ತಾಗಲಿಲ್ಲಾಂದ್ರ ತಿರುವಬ್ಯಾಡ್ರಿ, ಬಿಟ್ಟುಬಿಡ್ರಿ.

ಕ್ಯಾನನ್ ಎಫ್‌ಡಿ (42) ಮತ್ತ ಮಿನೋಲ್ಟಾ ಎಂಡಿ (43.5) ಲೆನ್ಸ್ ಮಿರರ್‌ಲೆಸ್‌ಗೆ ಮಾತ್ರ ಚಲೋ. ಡಿಎಸ್‌ಎಲ್‌ಆರ್ ಇದ್ರ ಅದರ ಉಸಾಬರಿಗೆ ಹೋಗಬ್ಯಾಡ್ರಿ, ಎಷ್ಟ ಸಸ್ತಾ ಸಿಕ್ರೂ.

ಇನ್ನ ಕ್ರಾಪ್ ಲೆಕ್ಕ, ಅಂದ್ರ ಸೆನ್ಸಾರ್ ರೀಲಿಗಿಂತ ಸಣ್ಣದಿದ್ರ ಲೆನ್ಸಿನ ಎಂಎಂ ಎಷ್ಟರಂಗ ಕಾಣ್ತೈತಿ ಅನ್ನೂದು. ಸೋನಿ, ಫ್ಯೂಜಿ, ನಿಕಾನ್ ಎಪಿಎಸ್-ಸಿ (ಸಣ್ಣ ಸೆನ್ಸಾರ್) ಇದ್ರ 1.5, ಕ್ಯಾನನ್ ಇದ್ರ 1.6. 58 ಎಂಎಂ ಹೀಲಿಯೋಸ್ 1.5ರ ಕ್ಯಾಮೆರಾದಾಗ 87ರಂಗ ಕಾಣ್ತೈತಿ, ಮುಖದ ಫೋಟೋಕ್ಕ ಭಾಳ ಚಲೋ, ಮನ್ಯಾಗಿನ ಬರ್ತ್‌ಡೇಕ್ಕ ಇಕ್ಕಟ್ಟು.

ಎಲ್ಲಿ ಹುಡುಕೂದು, ಏನ್ ಕೇಳೂದು

ಆನ್‌ಲೈನ್ ಕೊನೀಗಿ ಇರ್ಲಿ. ಮೊದಲ ಮನಿ ಕಪಾಟು, ಸ್ವಾದರಮಾವನ ಮನಿ ಕಪಾಟು, ಆಮ್ಯಾಲ ಊರಿನ ಹಳೇ ಸ್ಟುಡಿಯೋ. ಬೆಳಗಾವಿ ಖಡೇಬಜಾರ್ ಸುತ್ತಮುತ್ತ ಇರ್ಲಿ, ವಿಜಯಪುರದ ಗಾಂಧಿ ಚೌಕ್ ಕಡೆ ಇರ್ಲಿ, ಬೋರ್ಡ್‌ನ ಬಣ್ಣ ಮಾಸಿದ ಸ್ಟುಡಿಯೋ ಕಂಡ್ರ ಒಳಗ ಹೋಗ್ರಿ. ಹೋದ ಕೂಡ್ಲೇ ರೇಟ್ ಕೇಳಬ್ಯಾಡ್ರಿ. ಒಂದು ಪಾಸ್‌ಪೋರ್ಟ್ ಫೋಟೋ ತೆಗಿಸ್ಕೋರಿ, ಡಾರ್ಕ್‌ರೂಮ್ ಇತ್ತೇನ್ರಿ ಕಾಕಾ ಅಂತ ಕೇಳ್ರಿ. ಅವ್ರ ಮಾತು ಶುರುವಾದ್ರ ಒಂದು ತಾಸು ಹೋಗ್ತೈತಿ, ಮತ್ತ ಆ ಮಾತಿನಾಗ ನಿಮಗ ಬೇಕಾದ್ದೆಲ್ಲಾ ಬರ್ತೈತಿ, ಯಾವ ಲೆನ್ಸ್ ಯಾವ ಮದವಿಗೆ ತಗೊಂಡದ್ದು, ಯಾವದು ಕೆಳಗ ಬಿದ್ದಿತ್ತು ಅಂತ.

ಹೆಸರು ಗೊತ್ತಿರ್ಲಿ ಅಂತ ಹೇಳ್ತೀನಿ. ಝೆನಿಟ್ ಇದ್ರ ಹೆಚ್ಚಾಗಿ ಹೀಲಿಯೋಸ್ 44 ಇರ್ತೈತಿ, ಎಂ42. ಅದು ಜರ್ಮನಿಯ ಝೈಸ್ ಬಯೋಟಾರ್ 58 ಎಂಎಂ ನಮೂನಿ ಮ್ಯಾಲ ಸೋವಿಯತ್ ಕಾಲದಾಗ ಮಾಡಿದ್ದು, ಮಾಸ್ಕೋ ಹತ್ರದ ಕ್ರಾಸ್ನೊಗೋರ್ಸ್ಕ್‌ನ್ಯಾಗ ಒಂದಿಷ್ಟು, ಮಿನ್ಸ್ಕ್‌ನ್ಯಾಗ ಒಂದಿಷ್ಟು, ವಲ್ದಾಯ್‌ನ್ಯಾಗ ಒಂದಿಷ್ಟು. ಭಾಳ ಸಲ ಸೀರಿಯಲ್ ನಂಬರಿನ ಮೊದಲ ಎರಡು ಅಂಕಿನ ವರ್ಷ. ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ ಸಿಕ್ರ ಟಾಕುಮಾರ್, ಅದೂ ಎಂ42. ಪೆಂಟಾಕ್ಸ್ ಕೆ1000 ಆದ್ರ ಕೆ ಮೌಂಟ್. ಯಾಶಿಕಾ ಎಫ್‌ಎಕ್ಸ್-3 ಆದ್ರ ಸಿ/ವೈ ಮೌಂಟ್. ಮೊದಲ್ನೇ ಲೆನ್ಸ್ ಒಂದು 50 ಅಥವಾ 58 ಇರ್ಲಿ, ಆಮ್ಯಾಲ 135. ಈ 135 ಎಂಎಂ ಅನ್ನೂದು ಆವಾಗ ಪ್ರತಿ ಸ್ಟುಡಿಯೋದವ್ರೂ ತಗೋತಿದ್ರು, ಈಗ ಯಾರೂ ಕೇಳಂಗಿಲ್ಲ, ಅದಕ್ಕ ಕಡಿಮಿ ರೊಕ್ಕಕ್ಕ ಸಿಗ್ತೈತಿ, ಗಾಜು ಅದ್ಭುತ.

ಎನ್‌ಲಾರ್ಜರ್ ಲೆನ್ಸ್ ಮರೀಬ್ಯಾಡ್ರಿ. ನೆಗೆಟಿವ್ ದೊಡ್ಡದು ಮಾಡಿ ಕಾಗದದ ಮ್ಯಾಲ ಇಳಿಸೂ ಯಂತ್ರದ್ದು, ಹೆಚ್ಚಾಗಿ 39 ಎಂಎಂ ತಿರುಪು. ಅದರಾಗ ಫೋಕಸ್ ರಿಂಗ್ ಇರಂಗಿಲ್ಲ, ಬೆಲೋಸ್ (ಹಿಗ್ಗಿ ಕುಗ್ಗೂ ಕೊಳವಿ) ಅಥವಾ ಫೋಕಸ್ ಹೆಲಿಕಾಯ್ಡ್ (ತಿರುವಿದ್ರ ಉದ್ದ ಆಗೂ ಬಳಿ) ಹಾಕಿ ಮ್ಯಾಕ್ರೋ, ಅಂದ್ರ ಸಣ್ಣ ವಸ್ತುವಿನ ಭಾಳ ಸನೇ ಫೋಟೋ, ತೆಗೀರಿ. ಕಾಕಾ ಅದನ್ನ ನನಗ ಹಂಗ ಕೊಟ್ರು, "ಇದರಾಗ ಏನ್ ಬರ್ತೈತೋ ತಮ್ಮಾ" ಅಂದ್ರು. ಮರುದಿನ ಜ್ವಾಳದ ತೆನಿ ಮ್ಯಾಲಿನ ಇರಿವಿ ಫೋಟೋ ಮೊಬೈಲ್‌ನ್ಯಾಗ ತೋರಿಸಿದೆ, ಚಸ್ಮಾ ತೆಗದು ಒರೆಸಿ ಮತ್ತ ಹಾಕ್ಕೊಂಡು ನೋಡಿದ್ರು.

ಟಾರ್ಚ್ ಹಿಡಿದು ತಪಾಸ

ಇದನ್ನ ಬಿಟ್ಟು ಒಂದು ರೂಪಾಯಿನೂ ಕೊಡಬ್ಯಾಡ್ರಿ. ನಾನು ಒಂದ್ಸಲ ಆನ್‌ಲೈನ್‌ನ್ಯಾಗ ಒಬ್ಬವ್ರ ಕಡೆ ಲೆನ್ಸ್ ತರಿಸಿದೆ, ಫೋಟೋದಾಗ ಮುಂದಿನ ಗಾಜು ಹೊಳೀತಿತ್ತು, ಬಂದ ಮ್ಯಾಲ ಹಿಂದಿನಿಂದ ಟಾರ್ಚ್ ಬಿಟ್ರ ಒಳಗ ಮಂಜು ಕವದಂಗ ಬೆಳ್ಳಗ, 4000 ರೂಪಾಯಿ ಹೋತು. ಅವತ್ತಿನಿಂದ ಹಿಂದಿನಿಂದ ಬೆಳಕು ಬಿಟ್ಟು ತೆಗದ ಫೋಟೋ ಕೇಳಿನ ಮಾತಾಡ್ತೀನಿ.

ಕತ್ತಲಿ ಮೂಲಿಗೆ ಹೋಗ್ರಿ, ಅಪರ್ಚರ್ (ಬೆಳಕು ಬರೂ ಕಿಂಡಿ) ಪೂರಾ ತೆರೀರಿ, ಮೊಬೈಲ್ ಟಾರ್ಚನ್ನ ಲೆನ್ಸಿನ ಹಿಂದ ಹಿಡಿದು ಸ್ವಲ್ಪ ಓರೆ ಮಾಡಿ ಮುಂದಿನಿಂದ ನೋಡ್ರಿ, ಆಮ್ಯಾಲ ಉಲ್ಟಾ. ನೇರ ನೋಡಿದ್ರ ಬೆಳಕಷ್ಟ ಕಾಣ್ತೈತಿ, ಓರೆ ಹಿಡದಾಗ ದೋಷ ಎದ್ದು ಬರ್ತಾವ. ನಾಕು ಧೂಳಿನ ಕಣ ಕಂಡ್ರ ಹೆದರಬ್ಯಾಡ್ರಿ, ಹಳೇ ಲೆನ್ಸಿನಾಗ ಧೂಳ ಇರೂದ, ಫೋಟೋದಾಗ ಕಾಣಂಗಿಲ್ಲ. ಮುಂದಿನ ಗಾಜಿನ ಮ್ಯಾಲ ಒಂದೆರಡು ಕೂದಲೆಳಿ ಗೀರು ಇದ್ರೂ ನಡೀತೈತಿ, ಆದ್ರ ಹಿಂದಿನ ಗಾಜಿನ ಗೀರು ಹೆಚ್ಚು ಕಾಡ್ತೈತಿ. ಬೇರು ಬಿಟ್ಟಂಗ ಕವಲೊಡದ ಎಳಿ ಕಂಡ್ರ ಅದು ಫಂಗಸ್. ಅಂಚಿನಾಗ ಸ್ವಲ್ಪ ಇದ್ರ ರಿಪೇರಿಯವ್ರು ತೆಗೀತಾರ, ನಡುವ ಹಬ್ಬಿದ್ರ ಕೋಟಿಂಗ್ (ಗಾಜಿನ ಮ್ಯಾಲಿನ ತೆಳ್ಳನ ಲೇಪ) ತಿಂದಿರ್ತೈತಿ, ಫಂಗಸ್ ತೊಳದ್ರೂ ಅದರ ಗುರ್ತು ಹೋಗಂಗಿಲ್ಲ. ಪೂರಾ ಗಾಜು ಹಾಲು ಬೆರಸಿದ ನೀರಿನಂಗ ಕಂಡ್ರ ಹೇಝ್. ಕಾಮನಬಿಲ್ಲಿನ ಬಣ್ಣದ ಕಲೆ ಅಂಚಿನಿಂದ ಒಳಗ ಬಂದಿದ್ರ ಎರಡು ಗಾಜು ಅಂಟಿಸಿದ ಅಂಟು ಬಿಟ್ಟೈತಿ ಅಂತ ಅರ್ಥ, ಅದನ್ನ ಮುಟ್ಟೂದ ಬ್ಯಾಡ.

ಆಮ್ಯಾಲ ಅಪರ್ಚರ್ ಎಸಳು. ಎಣ್ಣಿ ಹತ್ತಿ ಮಿಂಚತಿದ್ರ ಟಾಕುಮಾರ್, ಯಾಶಿಕಾದಂಥ ಆಟೋ ಲೆನ್ಸಿನಾಗ (ಫೋಟೋ ಹೊಡಿಯುವಾಗ ಕಿಂಡಿ ತಾನ ಮುಚ್ಚೂ ಲೆನ್ಸ್) ಎಸಳು ಸಾವಕಾಶ ಮುಚ್ಚತಾವ. ಹಿಂದಿನ ಸಣ್ಣ ಪಿನ್ ಒತ್ತಿ ಬಿಟ್ಟು ನೋಡ್ರಿ, ಟಕ್ ಅಂತ ಹೋಗಿ ಬರಬೇಕು. ಹೀಲಿಯೋಸ್ 44-2ರಾಗ ಪಿನ್ ಇಲ್ಲ, ಕೈಲೆ ತಿರುವೂದು, ಹಂಗಾಗಿ ಸ್ವಲ್ಪ ಎಣ್ಣಿ ಇದ್ರೂ ಕೆಲಸ ನಿಲ್ಲಂಗಿಲ್ಲ. ಫೋಕಸ್ ರಿಂಗ್ ಈ ತುದಿಯಿಂದ ಆ ತುದಿತನಕ ತಿರುವ್ರಿ. ಬಿಗಿ ಇದ್ರ ಗ್ರೀಸ್ ಒಣಗೈತಿ, ಅದು ಸರಿಯಾಗ್ತೈತಿ. ಕರಕರ ಅಂದ್ರ ಒಳಗ ಮಣ್ಣು ಹೊಕ್ಕೈತಿ, ವಿಜಯಪುರದ ಧೂಳಿನಾಗ ಅಡ್ಡಾಡಿದ ಲೆನ್ಸಿಗೆ ಇದು ಸಾಮಾನ್ಯ, ಅದನ್ನ ಮತ್ತ ಮತ್ತ ತಿರುವಿದ್ರ ತಿರುಪು ಸವೀತೈತಿ. ಕೊನೀಗಿ ಕಿವಿ ಹತ್ರ ಹಿಡಿದು ಮೆಲ್ಲಕ ಅಲ್ಲಾಡಿಸ್ರಿ, ಗಾಜು ಲೊಟಲೊಟ ಅಂದ್ರ ತಿರಗಿ ಕೊಟ್ಟುಬಿಡ್ರಿ.

ಚೌಕಾಸಿ ಮಾಡ್ರಿ, ಆದ್ರ ಹಳೇ ಸ್ಟುಡಿಯೋದವ್ರ ಕಡೆ ಹಿಂಡಬ್ಯಾಡ್ರಿ. ಅವ್ರು ಅದರಾಗ ಮನಿ ನಡಿಸ್ಯಾರ.

ಅಡಾಪ್ಟರ್

ಲೆನ್ಸಿನ ಮೌಂಟ್ ಹೆಸರು ಮೊದಲು, ಕ್ಯಾಮೆರಾದ್ದು ಆಮ್ಯಾಲ, ಹಿಂಗ ಹುಡುಕ್ರಿ: ಎಂ42ದಿಂದ ಸೋನಿ ಇ, ಸಿ/ವೈದಿಂದ ಫ್ಯೂಜಿ ಎಕ್ಸ್. ಉಲ್ಟಾ ತಗೊಂಡು ಕುಂತವ್ರನ್ನ ನೋಡೀನಿ. ಇನ್ನೊಂದು, ಟಿ ಮೌಂಟ್ ಅಂತ ಐತಿ, ಅದೂ 42 ಎಂಎಂ ಅಗಲನ, ಆದ್ರ ಅದರ ತಿರುಪಿನ ಎಳಿ 0.75 ಮಿಲಿಮೀಟರ್, ಎಂ42ದ್ದು 1 ಮಿಲಿಮೀಟರ್. ಒಂದೂವರಿ ಸುತ್ತು ಹೋಗಿ ಬಿಗಿಯಾತಂದ್ರ ಅಲ್ಲೇ ನಿಲ್ಲಸ್ರಿ, ಜಬರ್ದಸ್ತಿ ಮಾಡಿದ್ರ ತಿರುಪು ಹಾಳಾಗ್ತೈತಿ.

ಎಂ42 ಅಡಾಪ್ಟರ್ ತಗೊಳ್ಳುವಾಗ ಒಳಗ ಒಂದು ತೆಳ್ಳನ ಅಂಚು ಐತೇನು ನೋಡ್ರಿ. ಆಟೋ ಲೆನ್ಸಿನ ಪಿನ್ನನ್ನ ಆ ಅಂಚು ಒತ್ತಿ ಹಿಡೀತೈತಿ, ಅದು ಇಲ್ಲಾಂದ್ರ ಕೆಲವು ಲೆನ್ಸಿನಾಗ (ಎ/ಎಂ, ಅಂದ್ರ ಆಟೋ/ಮ್ಯಾನ್ಯುವಲ್ ಸ್ವಿಚ್ ಇಲ್ಲದವು) ರಿಂಗ್ ಎಷ್ಟ ತಿರುವಿದ್ರೂ ಅಪರ್ಚರ್ ತೆರೆದ ಇರ್ತೈತಿ. ಲೆನ್ಸ್ ಹಾಕಿದಾಗ ನಂಬರ್ ಮ್ಯಾಲ ಬರೂ ಬದಲಿ ಪಕ್ಕಕ್ಕ ಬಂದ್ರ ಅಡಾಪ್ಟರ್ ಮೈಯಾಗ ಮೂರು ಸಣ್ಣ ಸ್ಕ್ರೂ ಇರ್ತಾವ, ಸಡಿಲ ಮಾಡಿ ತಿರುವಿ ಮತ್ತ ಬಿಗಿ ಮಾಡ್ರಿ. ಒಳಗಿನ ಬಣ್ಣ ಮಿರಿಮಿರಿ ಮಿಂಚತಿದ್ರ ಬೆಳಕು ಅಲ್ಲಿ ಬಡದು ಫೋಟೋ ತೆಳ್ಳಗ ಆಗ್ತೈತಿ, ಟೇಲರ್ ಅಂಗಡ್ಯಾಗ ಕಪ್ಪು ಮಖಮಲ್ ಚೂರು ಇಸ್ಕೊಂಡು ಸಣ್ಣ ಪಟ್ಟಿ ಅಂಟಿಸ್ರಿ, ಎಳಿ ಉದುರದಂಗ ಅಂಚು ನೋಡ್ಕೊಂಡು. ನನ್ನ ಅಡಾಪ್ಟರ್‌ಗೆ ಹಂಗ ಮಾಡಿದ ಮ್ಯಾಲ ಕರಿ ಬಣ್ಣ ಖರೇನ ಕರಿ ಆತು.

ಮತ್ತ ಇನ್ಫಿನಿಟಿ ತಪಾಸ, ಅಂದ್ರ ಭಾಳ ದೂರದ್ದು ಫೋಕಸ್ ಆಗ್ತೈತೇನು ಅಂತ. ರಾತ್ರಿ ಹಿನ್ನೀರಿನ ದಂಡಿಗೆ ಹೋಗಿ ಆಚೆ ದಂಡಿಯ ದೀಪಕ್ಕ ಫೋಕಸ್ ಮಾಡ್ರಿ, ಇಲ್ಲಾ ಚಂದ್ರನಿಗೆ. ದೀಪ ಚುಕ್ಕಿಯಾಗಿ ಬಂದ್ರ ಅಡಾಪ್ಟರ್ ಬರೋಬ್ಬರಿ. ಸಸ್ತಾ ಅಡಾಪ್ಟರ್ ಭಾಳಷ್ಟು ಒಂದು ಕೂದಲು ತೆಳ್ಳಗ ಮಾಡಿರ್ತಾರ, ಹಂಗಾಗಿ ರಿಂಗನ್ನ ತುದಿತನಕ ತಿರುವಿದ್ರ ಇನ್ಫಿನಿಟಿ ದಾಟಿ ಹೋಗ್ತೈತಿ, ತುದಿಗೆ ತಂದು ಕಣ್ಣು ಮುಚ್ಚಿ ಗುಡ್ಡದ ಫೋಟೋ ಹೊಡಿಬ್ಯಾಡ್ರಿ. ಕ್ಯಾನನ್ ಫುಲ್‌ಫ್ರೇಮ್ (ರೀಲಿನಷ್ಟ ದೊಡ್ಡ ಸೆನ್ಸಾರ್) ಡಿಎಸ್‌ಎಲ್‌ಆರ್‌ದವ್ರು ಇನ್ನೊಂದು ನೋಡಬೇಕು, ಕೆಲವು ಹಳೇ ಲೆನ್ಸಿನ ಹಿಂಭಾಗ ಇನ್ಫಿನಿಟಿಯಾಗ ಕನ್ನಡಿಗೆ ತಾಗ್ತೈತಿ.

ಕ್ಯಾಮೆರಾದಾಗ ನಾಕು ಸೆಟ್ಟಿಂಗ್

ಕ್ಯಾಮೆರಾಕ್ಕ ಲೆನ್ಸ್ ಕೂತದ್ದ ಗೊತ್ತಾಗಂಗಿಲ್ಲ, ಶಟರ್ ಒತ್ತಿದ್ರ ಸುಮ್ಮನ ಕುಂದರ್ತೈತಿ. ಮೆನುದಾಗ ಲೆನ್ಸ್ ಇಲ್ಲದ ಶೂಟ್ ಮಾಡೂ ಆಪ್ಶನ್ ಆನ್ ಮಾಡ್ರಿ, ಸೋನಿ, ಫ್ಯೂಜಿ, ಕ್ಯಾನನ್ ಎಲ್ಲಾದ್ರಾಗ ಬ್ಯಾರೆ ಬ್ಯಾರೆ ಹೆಸರಿನ್ಯಾಗ ಇರ್ತೈತಿ. ಫೋಕಸ್ ಪೀಕಿಂಗ್ (ಫೋಕಸ್ ಆದ ಅಂಚಿಗೆ ಸ್ಕ್ರೀನಿನಾಗ ಬಣ್ಣದ ಗೆರಿ ತೋರಿಸೂದು) ಹಚ್ಚಿ ಬಣ್ಣ ಕೆಂಪು ಇಡ್ರಿ, ಬಾದಾಮಿಗೆ ಹೋದ್ರ ಮಾತ್ರ ಹಳದಿ, ಯಾಕಂದ್ರ ಅಲ್ಲಿ ಕಲ್ಲ ಕೆಂಪು, ಪೀಕಿಂಗ್ ಎಲ್ಲಿ ಐತಿ ಗೊತ್ತ ಆಗಂಗಿಲ್ಲ. ಬಾಡಿಯೊಳಗ ಸ್ಟೆಬಿಲೈಜೇಶನ್ (ಕೈ ನಡುಕ ತಡಿಯೂದು) ಇದ್ರ ಲೆನ್ಸಿನ ಖರೇ ಎಂಎಂ ಕೈಲೆ ಹಾಕ್ರಿ, 58 ಅಂದ್ರ 58, ಕ್ರಾಪ್ ಗುಣಿಸಿ 87 ಅಂತ ಹಾಕಬ್ಯಾಡ್ರಿ. ಮೋಡ್ ಎ ಇಟ್ರ ಶಟರ್ ಕ್ಯಾಮೆರಾನ ನೋಡ್ಕೊಂತೈತಿ.

ಫೋಟೋ ಹೊಡಿಯೂದು

ಇಳಕಲ್‌ನ್ಯಾಗ ಒಬ್ಬ ನೇಕಾರ ಅಜ್ಜಾರ ಮನ್ಯಾಗ ಕುಣಿಮಗ್ಗದ ಮುಂದ ಕುಂತಿದ್ದೆ. ಒಂದ ಕಿಡಕಿ, ಅದರ ಬೆಳಕು ಕೆಂಪು ಸೆರಗಿನ ಮ್ಯಾಲ ಬಿದ್ದಿತ್ತು, ಲಾಳಿ ಈ ಕೈಯಿಂದ ಆ ಕೈಗೆ ಹೋಗೂ ಜಲ್ದಿ ಎಷ್ಟಂದ್ರ ರಿಂಗ್ ತಿರುವಿ ಹಿಂಬಾಲಿಸಾಕ ಸಾಧ್ಯನ ಇಲ್ಲ. ಆವಾಗ ಕಲ್ತದ್ದು ಇದು: ಹೀಲಿಯೋಸ್ ಎಫ್ 2.8 (ಎಫ್ ಅಂದ್ರ ಅಪರ್ಚರ್ ನಂಬರ್, ಸಣ್ಣದಿದ್ದಷ್ಟು ಕಿಂಡಿ ದೊಡ್ಡದು), ಐಎಸ್‌ಓ 1600, ಫೋಕಸನ್ನ ಅವರ ಬಲಗೈ ಬಂದು ನಿಲ್ಲೂ ಜಾಗಕ್ಕ ಮೊದಲ ಇಟ್ಟು, ರಿಂಗಿನಿಂದ ಕೈ ತೆಗದು, ನನ್ನ ಮೈನ ಒಂದು ಬಟ್ಟು ಮುಂದ ಒಂದು ಬಟ್ಟು ಹಿಂದ ಮಾಡಿದೆ. ಬೆರಳಿನ ಅಂಚಿಗೆ ಕೆಂಪು ಗೆರಿ ಬಂತು, ಒತ್ತಿದೆ. ಹನ್ನೆರಡರಾಗ ಮೂರು ಬಂದ್ವು, ಆ ಮೂರರಾಗ ಒಂದರಾಗ ಉಗುರಿನ ಸಂದಿನ ಬಣ್ಣ ಸುದ್ದಾ ಕಾಣ್ತೈತಿ. ನಿಂತ ವಸ್ತುಕ್ಕ ಆದ್ರ ಪೀಕಿಂಗ್ ನಂಬಿ ಕುಂದ್ರಬ್ಯಾಡ್ರಿ, ಸ್ಕ್ರೀನ್ ಝೂಮ್ ಮಾಡಿ ಕಣ್ಣಿನ ರೆಪ್ಪಿ ನೋಡಿನ ಹೊಡೀರಿ.

ಹೀಲಿಯೋಸ್ 44-2ರಾಗ ಅಪರ್ಚರ್ ರಿಂಗ್ ಎರಡು ಇರ್ತಾವ, ಹೊಸಬ್ರಿಗೆ ಗೊಂದಲ. ಮುಂದಿನದ್ರಾಗ ಕ್ಲಿಕ್ ಐತಿ, ಅದರಾಗ ನಿಮಗ ಬೇಕಾದ ನಂಬರ್ ಇಡೂದು, ಉದಾಹರಣೆಗೆ 4. ಇನ್ನೊಂದು ನುಣ್ಣಗ ತಿರಗ್ತೈತಿ, ಅದನ್ನ ಪೂರಾ ತೆರದು ಫೋಕಸ್ ಮಾಡಿ, ಕಣ್ಣು ತೆಗೀದ ಮುಚ್ಚಿದ್ರ 4ಕ್ಕ ಬಂದು ತಾನ ನಿಲ್ತೈತಿ. ಬ್ಯಾರೆ ಲೆನ್ಸ್ ಇದ್ರ ತೆರದು ಫೋಕಸ್ ಮಾಡಿ ಕ್ಲಿಕ್ ಎಣಿಸಿಕೊಂಡು ಮುಚ್ಚೂದು.

ಹೀಲಿಯೋಸ್‌ನ ಸುಳಿಸುಳಿ ಹಿನ್ನೆಲಿ ಎಲ್ಲಾರಿಗೂ ಬೇಕು, ಎಲ್ಲಾರಿಗೂ ಬರಂಗಿಲ್ಲ. ಎಫ್ 2 ಇಡ್ರಿ, ಮನಶ್ಯಾ ಎರಡು ಮೀಟರ್ ದೂರ, ಅವ್ರ ಹಿಂದ ಐದಾರು ಮೀಟರ್ ಬಿಟ್ಟು ಬೇವಿನ ಗಿಡ, ಎಲಿ ಸಂದಿನಾಗ ಬಿಸಲ ತುಣುಕು ಕಾಣ್ಬೇಕು. ಬರೇ ಗ್ವಾಡಿ ಇದ್ರ ಸುಳಿ ಎಲ್ಲಿಂದ ಬರಬೇಕು. ಸುಳಿ ಇರೂದು ಅಂಚಿನಾಗ, ಕ್ರಾಪ್ ಸೆನ್ಸಾರ್ ಆ ಅಂಚನ್ನ ಕೊಯ್ದು ಒಗೀತೈತಿ, ಹಂಗಾಗಿ ಎಪಿಎಸ್-ಸಿಯಾಗ ಸ್ವಲ್ಪ ಕಡಿಮಿ ಕಾಣ್ತೈತಿ.

ಬಾದಾಮಿ ಗುಹಾದಾಗ ಪರ್ಮಿಷನ್ ಇಲ್ಲದ ಟ್ರೈಪಾಡ್ ಬಿಡಂಗಿಲ್ಲ, ಎಫ್ 2ರ ಲೆನ್ಸ್ ಅಲ್ಲಿ ಕೆಲಸಕ್ಕ ಬರ್ತೈತಿ. ಕ್ರಿ.ಶ. 578ರ ಶಾಸನ ಇರೂ ಮೂರನೇ ಗುಹಾದಾಗ ಹೊರಗಿನ ಬಿಸಲು ಕಂಬದ ಒಂದು ಮಗ್ಗಲಿಗೆ ಮಾತ್ರ ಬೀಳ್ತೈತಿ, ಹೊಸಾ ಲೆನ್ಸಿನಾಗ ನೆರಳು ಕರ್ರಗ ಬರ್ತಿತ್ತು, ಹಳೇ ಲೆನ್ಸಿನ ಕಾಂಟ್ರಾಸ್ಟ್ ಕಡಿಮಿ, ನೆರಳಿನೊಳಗಿನ ಕೆತ್ತನಿ ಮೆಲ್ಲಕ ತಾನ ಬರ್ತೈತಿ. ಅದೇ ಗುಣ ಬಿಸಲಿಗೆ ಎದುರು ನಿಂತ್ರ ಬ್ಯಾನಿ. ಇಬ್ರಾಹಿಂ ರೋಜಾದ ಕಮಾನಿನಾಗಿಂದ ಸೂರ್ಯ ಬರೂವಾಗ ಪೂರಾ ಫೋಟೋ ತೊಳದಂಗ ಆತು, ಲೆನ್ಸಿನ ಮೂತಿಗೆ ಬಿಸಲು ತಡಿಯೂ 49 ಎಂಎಂ ರಬ್ಬರ್ ಹುಡ್ ಹಾಕಿದ ಮ್ಯಾಲ ಸುಧಾರಿಸಿತು. ಹುಡ್ ಇಲ್ಲಾಂದ್ರ ಅಂಗೈ ಅಡ್ಡ ಹಿಡೀರಿ.

ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರಿಯಂಥಾದ್ರಾಗ ಫೋಕಸ್ ಮಾಡ್ತಾ ನಿಂತ್ರ ಜಾತ್ರಿ ಮುಂದ ಹೋಗಿರ್ತೈತಿ. 28 ಎಂಎಂ ಹಾಕಿ, ಎಫ್ 8 ಇಟ್ಟು, ಎಪಿಎಸ್-ಸಿ ಇದ್ರ ಫೋಕಸ್ ಐದು ಮೀಟರ್‌ಗೆ ಇಟ್ಟುಬಿಡ್ರಿ, ಸುಮಾರು ಎರಡೂವರಿ ಮೀಟರ್‌ದಿಂದ ಹಿಡಿದು ದೂರದ ನಂದಿಕೋಲ ತನಕ ಎಲ್ಲಾ ಸಾಫ್.

ಟಾಕುಮಾರ್ ಹಳದಿ ಆಗಿದ್ರ

ಸೂಪರ್ ಟಾಕುಮಾರ್ 50 ಎಂಎಂ ಎಫ್ 1.4ರ ಏಳು ಗಾಜಿನ ಮಾದರಿಯಾಗ ಥೋರಿಯಂ ಬೆರೆತ ಗಾಜು ಐತಿ, ಅದು ವರ್ಷ ಕಳದಂಗ ಚಹಾದ ಬಣ್ಣಕ್ಕ ತಿರಗ್ತೈತಿ. ಸ್ವಲ್ಪ ವಿಕಿರಣ ಇರೂದು ಖರೇ, ಕ್ಯಾಮೆರಾಕ್ಕ ಹಾಕಿ ಫೋಟೋ ಹೊಡಿಯಾಕ ತೊಂದ್ರಿ ಇಲ್ಲ, ಆದ್ರ ಆ ಗಾಜನ್ನ ಕೆರಿಯೂದು, ಒಡಿಯೂದು ಮಾಡಬ್ಯಾಡ್ರಿ, ದಿಂಬಿನ ಹತ್ರ ಇಟ್ಕೊಂಡು ಮಲಗಬ್ಯಾಡ್ರಿ. ಹಳದಿ ಹೋಗಿಸೂದು ಬಿಸಲಿನ ಯುವಿ ಕಿರಣ. ಲೆನ್ಸಿನ ಮೈಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಒಂದು ತುದಿಗೂ ಫಾಯಿಲ್ ಮುಚ್ಚಿ, ಇನ್ನೊಂದು ತುದಿ ಬಿಸಲಿಗೆ ತೋರಿಸಿ ಮುಂಜಾನಿ ಒಂದೆರಡು ತಾಸು ಮಾಳಗಿ ಮ್ಯಾಲ ಇಡ್ರಿ, ಹಿಂಗ ಕೆಲವು ವಾರ. ನಮ್ಮ ಏಪ್ರಿಲ್ ಮಧ್ಯಾಹ್ನದ ಬಿಸಲಿಗೆ ಇಡಬ್ಯಾಡ್ರಿ, ಗ್ರೀಸ್ ಕರಗಿ ಎಸಳಿಗೆ ಇಳೀತೈತಿ. ಮತ್ತ ಇದನ್ನ ಗಟ್ಟಿಯಾಗಿ ಹೇಳ್ತೀನಿ, ಫಾಯಿಲ್ ಮುಚ್ಚದ ಲೆನ್ಸನ್ನ ಬಿಸಲಾಗ ಬಿಟ್ಟು ಹೋಗಬ್ಯಾಡ್ರಿ, ಅದು ಭೂತಗನ್ನಡಿನ, ಹತ್ರ ಕಣಕಿ ಬಣಿವಿ ಇದ್ರ ಬೆಂಕಿ ಹತ್ತೂದು ತಡ ಇಲ್ಲ.

ಒರೆಸೂದು, ಇಡೂದು

ಪಂಚೆ ಚುಂಗು, ಅಂಗಿ ತುದಿ ಬ್ಯಾಡ, ಹಳೇ ಕೋಟಿಂಗ್ ಮೆತ್ತಗ ಇರ್ತೈತಿ. ಮೊದಲ ಬ್ಲೋವರ್, ಆಮ್ಯಾಲ ಮೆತ್ತನ ಬ್ರಷ್, ಆಮ್ಯಾಲ ಬೇಕಾದ್ರಷ್ಟ ಬಟ್ಟಿಗೆ ಒಂದು ಹನಿ ಲೆನ್ಸ್ ಲಿಕ್ವಿಡ್ ಹಾಕಿ ನಡುವಿನಿಂದ ಅಂಚಿಗೆ. ಗಾಜಿಗೆ ನೇರ ಹನಿ ಬಿಟ್ರ ಸಂದಿನಾಗ ಇಳೀತೈತಿ. ಸ್ಕ್ರೂ ಬಿಚ್ಚಿ ಒಳಗ ಒರೆಸೂದನ್ನ ಮೊದಲ್ನೇ ಲೆನ್ಸ್ ಮ್ಯಾಲ ಕಲೀಬ್ಯಾಡ್ರಿ, ಹೆಂಗೂ ಫಂಗಸ್ ತಿಂದದ್ದು ಒಂದು ಇಟ್ಕೊಂಡು ಅದರ ಮ್ಯಾಲ ಕಲೀರಿ. ಕಾಕಾನ ಯಾಶಿಕಾ ಲೆನ್ಸ್ ನಾನು ಹಂಗ ಬಳಸ್ಕೊಂಡೆ.

ಚರ್ಮದ ಚೀಲದಿಂದ ಹೊರಗ ತೆಗದುಬಿಡ್ರಿ. ರಬ್ಬರ್ ಅಂಚಿನ ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿ, ಒಳಗ ಸಿಲಿಕಾ ಜೆಲ್, ಒಂದು ಸಣ್ಣ ತೇವ ತೋರಿಸೂ ಮೀಟರ್, ಅಷ್ಟ ಸಾಕು. ಮೀಟರ್ 40ರಿಂದ 50ರ ನಡುವ ಇರ್ಲಿ, 60 ದಾಟಿ ಹಂಗ ಬಿಟ್ರ ಫಂಗಸ್ ಬರ್ತೈತಿ. ಫಂಗಸ್ ಇದ್ದದ್ದನ್ನ ಬ್ಯಾರೆ ಡಬ್ಬಿಯಾಗ ಇಡ್ರಿ. ವಿಜಯಪುರ, ಬಾಗಲಕೋಟಿಯಾಗ ಬ್ಯಾಸಿಗಿ ಪೂರಾ ಒಣ ಹವಾ, ಡಬ್ಬಿಯ ಕೆಲಸ ಧೂಳ ತಡಿಯೂದ. ಬೆಳಗಾವಿ, ಖಾನಾಪುರ ಕಡೆಯವ್ರಿಗೆ ಮಾತ್ರ ಜೂನ್ ಮೊದಲ್ನೇ ವಾರದಿಂದ ದಸರಾ ತನಕ ಬಿಡುವಿಲ್ಲ: ಹದಿನೈದು ದಿನಕ್ಕೊಮ್ಮೆ ಡಬ್ಬಿ ತೆರದು, ಜೆಲ್ ಬಣ್ಣ ತಿರಗಿದ್ರ ಹಂಚಿನ ಮ್ಯಾಲ ಸಣ್ಣ ಉರಿಗೆ ಬೆಚ್ಚಗ ಮಾಡಿ ಪೂರಾ ಆರಿದ ಮ್ಯಾಲ ತಿರಗಿ ಹಾಕಿ, ಒಂದೊಂದು ಲೆನ್ಸನ್ನೂ ಕೈಯಾಗ ಹಿಡಿದು ಫೋಕಸ್ ರಿಂಗು, ಅಪರ್ಚರ್ ರಿಂಗು ನಾಕು ಸಲ ತಿರುವಿ, ಟಾರ್ಚ್ ಬಿಟ್ಟು ನೋಡಿ ಇಡ್ರಿ.